ಸ್ವಂತ ಪೊರೆಯಿಂದ ಮಾಡಿದ ವಾಲ್ವ್ ಜೀವನಪೂರ್ತಿ ಬಾಳುತ್ತದಾ?

ತಂಗಿಗೆ 26 ವರ್ಷ, ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು) ಹಾಳಾಗಿದೆ, ಅವಳದೇ ಹೃದಯದ ಪೊರೆಯಿಂದ ಹೊಸದು ಮಾಡ್ತೀವಿ ಅಂತಿದ್ದಾರೆ, ಸ್ವಂತದ್ದು ಅಂದ್ಮೇಲೆ ಕೊನೆವರೆಗೂ ಬಾಳುತ್ತೆ ಅಲ್ವಾ ಅಂತ ಕೇಳಿದ್ದೀರಿ.

ಹಾಗಂತ ಯಾರೂ ಬರೆದುಕೊಡಲಾರರು. ನಾನು ಸರ್ಜನ್ ಅಲ್ಲ, ಆಪರೇಷನ್ ವೇಳೆ ಹಾರ್ಟ್-ಲಂಗ್ ಮೆಷಿನ್ ನಡೆಸುವವನು. ಪಕ್ಕದಲ್ಲಿದ್ದು ನೋಡಿದ್ದನ್ನು ಹೇಳುತ್ತೇನೆ.

ಇದು ಒಜಾಕಿ ವಿಧಾನ. ಜಪಾನಿನ ಡಾ. ಶಿಗೆಯುಕಿ ಒಜಾಕಿ 2007ರಲ್ಲಿ ಶುರು ಮಾಡಿದ್ದು. ಎದೆ ತೆರೆದ ಮೇಲೆ ಹೃದಯದ ಸುತ್ತಲಿನ ಪೊರೆಯಲ್ಲಿ ಅಂಗೈಯಗಲದ ತುಂಡು ತೆಗೆಯುತ್ತಾರೆ. ಅಂಟಿದ ಕೊಬ್ಬನ್ನೆಲ್ಲ ಬಿಡಿಸಿ, ಸುಕ್ಕಿಲ್ಲದಂತೆ ಹರಡಿ, ಗ್ಲುಟರಾಲ್ಡಿಹೈಡ್ ಅನ್ನೋ ಗಟ್ಟಿ ಮಾಡುವ ರಾಸಾಯನಿಕ ದ್ರಾವಣದಲ್ಲಿ 10 ನಿಮಿಷ ಇಡುತ್ತಾರೆ. ಆಮೇಲೆ ಸಲೈನಿನಲ್ಲಿ ಮೂರು ಸಲ, ಸಲಕ್ಕೆ 6 ನಿಮಿಷದಂತೆ ತೊಳೆಯುತ್ತಾರೆ. ಅಷ್ಟರಲ್ಲಿ ಜೋಲುತ್ತಿದ್ದ ಪೊರೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ವಾಲ್ವಿನ ಹಾಳಾದ ಎಸಳುಗಳನ್ನು (ತೆರೆದು ಮುಚ್ಚುವ ತೆಳು ಪದರಗಳು) ತೆಗೆದು, ಅವು ಇದ್ದ ಜಾಗವನ್ನು ಒಂದೊಂದಾಗಿ ಅಳೆದು, ಪೊರೆಯ ಮೇಲೆ ಅಚ್ಚಿಟ್ಟು ಪೆನ್ನಿನಲ್ಲಿ ಗೆರೆ ಎಳೆದು ಕತ್ತರಿಸುತ್ತಾರೆ. ಥೇಟ್ ರವಿಕೆ ಕಟಿಂಗ್! ಮೂರೂ ಎಸಳು ಹೊಲಿದು ಮುಗಿಯುವವರೆಗೆ ಹೃದಯ ನಿಂತಿರುತ್ತದೆ, ರಕ್ತ ನನ್ನ ಮೆಷಿನಿನಲ್ಲಿ ಓಡುತ್ತಿರುತ್ತದೆ. ರೆಡಿಮೇಡ್ ವಾಲ್ವ್ ಕೂರಿಸುವುದಕ್ಕಿಂತ ಸಮಯ ಜಾಸ್ತಿ.

ಆ ದ್ರಾವಣದಲ್ಲಿ ಅದ್ದಿದ ಮೇಲೆ ಪೊರೆ ಸ್ವಂತದ್ದೇ ಆದರೂ ಜೀವಂತವಲ್ಲ. ಬೆಳೆಯುವುದಿಲ್ಲ, ಸವೆದರೆ ಸರಿಹೋಗುವುದಿಲ್ಲ. ವರ್ಷ ಕಳೆದಂತೆ ಸುಣ್ಣ ಕಟ್ಟಬಹುದು, ಸೋರಬಹುದು, ಸೋಂಕೂ ತಗುಲಬಹುದು. ತಂಗಿಯ ವಯಸ್ಸಿಗೆ ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದು ಅಂದುಕೊಂಡೇ ಹೊರಡಿ. ಜೀವಂತ ವಾಲ್ವೇ ಬೇಕಂದ್ರೆ ರಾಸ್ ಆಪರೇಷನ್ ಇದೆ. ಲಂಡನ್ನಿನಲ್ಲಿ ಡೊನಾಲ್ಡ್ ರಾಸ್ 1967ರಲ್ಲೇ ಮಾಡಿದ್ದರು. ರೋಗಿಯದೇ ಪಲ್ಮನರಿ ವಾಲ್ವನ್ನು (ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ಬಾಗಿಲು) ಅಯೋರ್ಟಿಕ್ ಜಾಗಕ್ಕೆ ಹಾಕುತ್ತಾರೆ. ಆದರೆ ಖಾಲಿಯಾದ ಜಾಗಕ್ಕೆ ಬೇರೆ ವಾಲ್ವ್ ಬೇಕು. ಎಲ್ಲ ಸರ್ಜನ್‌ಗಳೂ ಅದಕ್ಕೆ ಕೈ ಹಾಕುವುದಿಲ್ಲ.

ಹಾಗಾದ್ರೆ ಒಜಾಕಿಯ ಲಾಭ ಏನು? ಮೆಕ್ಯಾನಿಕಲ್ ಅಂದ್ರೆ ಯಂತ್ರದಂಥ ಕೃತಕ ವಾಲ್ವ್ ಹಾಕಿಸಿದರೆ ವಾರ್ಫರಿನ್, ಅಸಿಟ್ರೋಮ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಜೀವನಪೂರ್ತಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಟೆಸ್ಟೂ ತಪ್ಪಲ್ಲ. ಬಸುರಿಯಾದಾಗ ಆ ಮಾತ್ರೆ ಮಗುವಿಗೆ ತೊಂದರೆ ಮಾಡಬಹುದು. ಸ್ವಂತ ಪೊರೆಗೆ ಸಾಮಾನ್ಯವಾಗಿ ಅದು ಬೇಡ. 26ರ ಹುಡುಗಿಗೆ ಇದೇ ದೊಡ್ಡ ವಿಷಯ ಅಂತ ನನಗನಿಸುತ್ತದೆ. ದನದ ಪೊರೆಯ ರೆಡಿಮೇಡ್ ವಾಲ್ವಿಗೂ ಜೀವನಪೂರ್ತಿ ಮಾತ್ರೆ ಬೇಡ, ಆದರೆ ಚಿಕ್ಕ ವಯಸ್ಸಿನವರಲ್ಲಿ ಅದು ಬೇಗ ಹಾಳಾಗುತ್ತದೆ.

ಸಂಕೋಚ ಬಿಟ್ಟು ಸರ್ಜನ್‌ರನ್ನೇ ಕೇಳಿ: ನೀವು ಇಂಥವು ಎಷ್ಟು ಮಾಡಿದ್ದೀರಿ? ಹೊಲಿದ ಮೇಲೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಸೋರಿಕೆ ಕಂಡರೆ ಏನು ಮಾಡ್ತೀರಿ? ತಂಗಿಗೆ ಮೊದಲೇ ಹೃದಯದ ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ. ಪೊರೆ ಅಂಟಿಕೊಂಡು ಕೆಲಸಕ್ಕೆ ಬಾರದಂತೆ ಆಗಿರಬಹುದು.