ಅಮೆರಿಕದಲ್ಲಿ ‘ಟೈಟಲ್ ಒನ್’ ಎಲಿಮೆಂಟರಿ ಶಾಲೆ ಅಂದರೆ ಬಡವರ ಶಾಲೆನಾ? ಮಗಳನ್ನು ಸೇರಿಸಬಹುದಾ?

ಮುಂದಿನ ತಿಂಗಳು ಡಲ್ಲಾಸ್ ಕಡೆ ಬರುತ್ತಿದ್ದೀರಿ, ಮಗಳು ಎರಡನೇ ಕ್ಲಾಸು, ಸಿಕ್ಕಿರುವ ಅಪಾರ್ಟ್‌ಮೆಂಟಿಗೆ ಬರುವ ಶಾಲೆ ‘ಟೈಟಲ್ ಒನ್’ ಅಂತೆ, ರೇಟಿಂಗ್ ವೆಬ್‌ಸೈಟಿನಲ್ಲಿ ಹತ್ತಕ್ಕೆ ನಾಲ್ಕು ಅಂತ ತೋರಿಸುತ್ತಿದೆ. ಜಾಸ್ತಿ ಬಾಡಿಗೆ ಕೊಟ್ಟಾದರೂ ಬೇರೆ ಏರಿಯಾ ನೋಡಬೇಕಾ ಅಂತ ಕೇಳಿದ್ದೀರಿ.

ಆ ಎರಡು ಪದ ನೋಡಿ ಮನೆ ಕೈಬಿಡಬೇಡಿ. ನನ್ನ ಇಬ್ಬರು ಮಕ್ಕಳೂ ಟೆಕ್ಸಾಸಿನ ಇಂಥದ್ದೇ ಶಾಲೆಗೆ ಹೋದವರು. ದೊಡ್ಡವನು ಈಗ ಮಿಡಲ್ ಸ್ಕೂಲಿನಲ್ಲಿದ್ದಾನೆ, ಚಿಕ್ಕವಳು ಇನ್ನೂ ಅಲ್ಲೇ ಓದುತ್ತಿದ್ದಾಳೆ. ಅಲ್ಲಿಯ ಪೋಷಕರ ಸಮಿತಿಯಲ್ಲೂ ನಾನಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಹಣದ ವಿಷಯ. ಇಲ್ಲಿ ಶಾಲೆಗಳು ನಡೆಯುವುದು ಮುಖ್ಯವಾಗಿ ರಾಜ್ಯದ ದುಡ್ಡಿನಿಂದ ಮತ್ತು ಆ ಊರಿನ ಆಸ್ತಿ ತೆರಿಗೆಯಿಂದ. ದೊಡ್ಡ ಮನೆಗಳಿರುವ ಊರಿಗೆ ತೆರಿಗೆ ಸಲೀಸಾಗಿ ಬರುತ್ತದೆ. ಬಾಡಿಗೆ ಮನೆ, ಕಡಿಮೆ ಸಂಬಳದವರು ಇರುವ ಊರಿಗೆ ಕಷ್ಟ. ಅಂಥ ಕಡೆ ಓದುವ ಮಕ್ಕಳು ಹಿಂದೆ ಬೀಳಬಾರದು ಅಂತ ಕೇಂದ್ರ ಸರ್ಕಾರ ಮೇಲಿಂದ ಕೊಡುವ ದುಡ್ಡೇ ಟೈಟಲ್ ಒನ್. ಇದಕ್ಕೆ ಮೂಲ 1965ರ ಕಾಯ್ದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಅದಕ್ಕೆ ಸಹಿ ಹಾಕಿದ್ದು ವಾಷಿಂಗ್ಟನ್‌ನಲ್ಲಲ್ಲ, ಇಲ್ಲೇ ಟೆಕ್ಸಾಸಿನಲ್ಲಿ, ತಾವು ಚಿಕ್ಕವರಿದ್ದಾಗ ಓದಿದ ಒಂದೇ ಕೋಣೆಯ ಶಾಲೆಯ ಮುಂದೆ, ತಮ್ಮ ಮೊದಲ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅದಕ್ಕೂ ಬಹಳ ಹಿಂದೆ, 1928ರಲ್ಲಿ, ಕೊಟುಲ್ಲಾ ಅನ್ನುವ ಊರಲ್ಲಿ ಅವರು ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದರು. ಹಸಿದುಕೊಂಡು ಶಾಲೆಗೆ ಬರುತ್ತಿದ್ದ ಆ ಮಕ್ಕಳನ್ನು ಅವರು ಕೊನೆವರೆಗೂ ಮರೆಯಲಿಲ್ಲ.

2015ರಲ್ಲಿ ಒಬಾಮಾ ಕಾಲದಲ್ಲಿ ಆ ಕಾಯ್ದೆಯನ್ನು ತಿದ್ದಿ ಬರೆದರು, ಈಗ ನಡೆಯುತ್ತಿರುವುದು ಅದೇ. ಇತ್ತೀಚಿನ ವರ್ಷಗಳಲ್ಲಿ ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್ ಕೊಡುತ್ತಿದ್ದಾರೆ. ಒಂದು ನಿಯಮ ಮುಖ್ಯವಾದದ್ದು: ಈ ದುಡ್ಡು ಬಂತು ಅಂತ ರಾಜ್ಯವಾಗಲಿ ಶಾಲಾ ಜಿಲ್ಲೆಯಾಗಲಿ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ತಾನು ಕೊಡಬೇಕಾದ್ದನ್ನು ಕಡಿಮೆ ಮಾಡುವ ಹಾಗಿಲ್ಲ. ಉಳಿದ ಶಾಲೆಗಳಿಗೆ ಸಿಗುವುದು ಇದಕ್ಕೂ ಸಿಗಬೇಕು, ಇದು ಅದರ ಮೇಲೆ.

ಶಾಲೆಯಲ್ಲಿ ಶೇ. 40ರಷ್ಟಾದರೂ ಮಕ್ಕಳು ಕಡಿಮೆ ಆದಾಯದ ಮನೆಯವರಾಗಿದ್ದರೆ ಆ ದುಡ್ಡನ್ನು ಇಡೀ ಶಾಲೆಗೆ ಬಳಸಬಹುದು. ನಮ್ಮವರು ಇದನ್ನೇ ತಪ್ಪು ತಿಳಿಯುವುದು. “ನಮಗೇನು ಕಮ್ಮಿ, ಆ ಸೌಲಭ್ಯ ನಮಗಲ್ಲ ಬಿಡಿ” ಅಂತ ದೂರ ನಿಲ್ಲುತ್ತಾರೆ. ಹಾಗಲ್ಲ. ಅಂಥ ಶಾಲೆಯಲ್ಲಿ ನಿಮ್ಮ ಮಗಳು ಓದುವುದರಲ್ಲಿ ಹಿಂದಿದ್ದರೆ ಅವಳಿಗೂ ಆ ಸಹಾಯ ಸಿಗುತ್ತದೆ. ಅಪ್ಪನ ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಸಹಾಯ ಅಂದರೆ ಏನು ಅಂತ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಈ ದುಡ್ಡಿನ ದೊಡ್ಡ ಪಾಲು ಹೋಗುವುದು ಓದು ಕಲಿಸುವ ವಿಶೇಷ ಟೀಚರುಗಳ ಸಂಬಳಕ್ಕೆ. ಕ್ಲಾಸಿನ ಮೂಲೆಯಲ್ಲಿ ಅರ್ಧಚಂದ್ರದ ಆಕಾರದ ಒಂದು ಮೇಜು. ಒಳಬದಿಯಲ್ಲಿ ಟೀಚರ್, ಸುತ್ತ ನಾಲ್ಕೈದು ಮಕ್ಕಳು. ಪ್ರತಿ ಮಗುವಿನ ಮುಂದೆ ಮೂರು ಚೌಕ ಬರೆದ ಒಂದು ಹಾಳೆ, ಒಂದಷ್ಟು ಪ್ಲಾಸ್ಟಿಕ್ ಬಿಲ್ಲೆ. ಟೀಚರ್ “ಶಿಪ್” ಅಂದರು. ಮಕ್ಕಳು ಒಂದೊಂದು ಶಬ್ದ ಬಾಯಲ್ಲಿ ಹೇಳಿಕೊಳ್ಳುತ್ತಾ ಒಂದೊಂದು ಬಿಲ್ಲೆಯನ್ನು ಚೌಕಕ್ಕೆ ತಳ್ಳಿದರು. ಒಬ್ಬ ಹುಡುಗ ನಾಲ್ಕನೇ ಬಿಲ್ಲೆ ಎತ್ತಿಕೊಂಡು ಎಲ್ಲಿ ಇಡಲಿ ಅಂತ ಹುಡುಕುತ್ತಿದ್ದ. ಬರೆಯುವಾಗ ಅಕ್ಷರ ನಾಲ್ಕು, ಕಿವಿಗೆ ಕೇಳುವ ಶಬ್ದ ಮೂರೇ. ಟೀಚರ್ ಬೈಯಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. “ಇನ್ನೊಂದು ಸಲ ನಿಧಾನಕ್ಕೆ ಹೇಳು, ನಾನು ಕೇಳಿಸಿಕೊಳ್ತೀನಿ” ಅಂದರು. ಅವನು ಹೇಳಿದ. ತಾನೇ ಆ ಬಿಲ್ಲೆ ತೆಗೆದ. ಇಪ್ಪತ್ತಕ್ಕೂ ಜಾಸ್ತಿ ಮಕ್ಕಳಿರುವ ಕ್ಲಾಸಿನಲ್ಲಿ ಒಬ್ಬರೇ ಟೀಚರ್ ಇದ್ದರೆ ಇಷ್ಟು ತಾಳ್ಮೆಗೆ ಪುರುಸೊತ್ತು ಎಲ್ಲಿರುತ್ತದೆ ಹೇಳಿ? ನನ್ನ ಮಗ ಓದಲು ಕಲಿತದ್ದು ಅಂಥ ಮೇಜಿನಲ್ಲಿ. ಆ ಟೀಚರನ್ನು ನೆನೆಸಿಕೊಂಡರೆ ಈಗಲೂ ಕೈಮುಗಿಯಬೇಕು ಅನಿಸುತ್ತದೆ.

ಗಣಿತಕ್ಕೂ ಹೀಗೇ ಸಣ್ಣ ಗುಂಪು, ಕೆಲವು ಶಾಲೆಗಳಲ್ಲಿ ಶಾಲೆ ಬಿಟ್ಟ ಮೇಲಿನ ಟ್ಯೂಷನ್, ಬೇಸಿಗೆ ತರಗತಿ ಇರುತ್ತವೆ. ಊಟದ್ದು ಬೇರೆ ಯೋಜನೆ. ಆದರೆ ಇಂಥ ಎಷ್ಟೋ ಶಾಲೆಗಳಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎಲ್ಲ ಮಕ್ಕಳಿಗೂ ಉಚಿತ. ಸಸ್ಯಾಹಾರಿಗಳಾದರೆ ಡಬ್ಬಿ ಕಳಿಸುವುದೇ ವಾಸಿ.

ಇನ್ನು ಅಪ್ಪ ಅಮ್ಮಂದಿರ ಪಾತ್ರ. ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಇದಕ್ಕಾಗಿ.

ಸಾಮಾನ್ಯ ಶಾಲೆಯಲ್ಲಿ ಪೋಷಕರನ್ನು ಕರೆಯುವುದು, ಬಿಡುವುದು ಬಹುಪಾಲು ಪ್ರಿನ್ಸಿಪಾಲರ ಮನಸ್ಸಿಗೆ ಬಿಟ್ಟದ್ದು. ಟೈಟಲ್ ಒನ್ ಶಾಲೆಯಲ್ಲಿ ಹಾಗಲ್ಲ, ಕಾನೂನೇ ಕರೆಯಬೇಕು ಅನ್ನುತ್ತದೆ. ವರ್ಷಕ್ಕೊಮ್ಮೆ ಸಭೆ ಸೇರಿಸಿ ಈ ಯೋಜನೆ ಏನು, ನಿಮ್ಮ ಹಕ್ಕು ಏನು ಅಂತ ವಿವರಿಸಬೇಕು. ಪೋಷಕರನ್ನು ಒಳಗೊಳ್ಳುವ ನೀತಿಯನ್ನು ಪೋಷಕರ ಜೊತೆ ಕೂತೇ ಬರೆಯಬೇಕು. ಶಾಲೆ ಏನು ಮಾಡುತ್ತದೆ, ಮನೆಯವರು ಏನು ಮಾಡುತ್ತಾರೆ, ಮಗು ಏನು ಮಾಡುತ್ತದೆ ಅಂತ ಒಂದು ಒಪ್ಪಂದದ ಹಾಳೆ ಇರುತ್ತದೆ, ಅದನ್ನು ಕಾಂಪ್ಯಾಕ್ಟ್ ಅನ್ನುತ್ತಾರೆ. ಎಲಿಮೆಂಟರಿಯಲ್ಲಿ ವರ್ಷಕ್ಕೊಮ್ಮೆಯಾದರೂ ಟೀಚರ್ ಜೊತೆಗಿನ ಭೇಟಿಯಲ್ಲಿ ಅದರ ಬಗ್ಗೆ ಮಾತಾಡಲೇಬೇಕು. ಸುಮ್ನೆ ಸಹಿ ಹಾಕಿ ಕಳಿಸಬೇಡಿ, ಓದಿ, ಕೇಳಿ. ಶಾಲಾ ಜಿಲ್ಲೆಗೆ ಟೈಟಲ್ ಒನ್ ದುಡ್ಡು ಐದು ಲಕ್ಷ ಡಾಲರಿಗಿಂತ ಜಾಸ್ತಿ ಬಂದರೆ ಅದರಲ್ಲಿ ಕನಿಷ್ಠ ಶೇ. 1ರಷ್ಟನ್ನು ಕುಟುಂಬಗಳನ್ನು ಒಳಗೊಳ್ಳುವ ಕೆಲಸಕ್ಕೇ ಎತ್ತಿಡಬೇಕು. ಅದನ್ನು ಹೇಗೆ ಖರ್ಚು ಮಾಡುವುದು ಅನ್ನುವುದರಲ್ಲಿ ಪೋಷಕರ ಮಾತೂ ಇರಬೇಕು.

ಊರಲ್ಲಿ ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಇರುತ್ತದೆ ಅಲ್ವಾ? ನಮ್ಮ 2009ರ ಆರ್‌ಟಿಇ ಕಾಯ್ದೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಅನ್ನುತ್ತದೆ. ಇಲ್ಲಿ ಆ ಥರ ಲೆಕ್ಕ ಇಲ್ಲ. ಯಾರು ಬರುತ್ತಾರೋ ಅವರ ಮಾತು ನಡೆಯುತ್ತದೆ.

ನಮ್ಮ ಶಾಲೆಯ ಸಭೆ ನಡೆಯುವುದು ಕೆಫೆಟೇರಿಯಾದಲ್ಲಿ, ಮಕ್ಕಳು ಊಟ ಮಾಡುವ ಅದೇ ಉದ್ದನೆಯ ಮೇಜುಗಳಲ್ಲಿ. ಸ್ಪ್ಯಾನಿಷ್ ಅನುವಾದಕರು ಒಬ್ಬರು ಇರುತ್ತಾರೆ, ಚಿಕ್ಕ ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ನೋಡಿಕೊಳ್ಳುತ್ತಾರೆ. ಒಂದು ವರ್ಷ ಕುಟುಂಬಗಳ ಪಾಲಿನ ದುಡ್ಡಿನಲ್ಲಿ ಒಂದು ದೊಡ್ಡ ಸಂಜೆ ಕಾರ್ಯಕ್ರಮ ಮಾಡೋಣ ಅಂತ ಶಾಲೆಯವರು ಮುಂದಿಟ್ಟರು. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ತಾಯಿ ಎದ್ದು ನಿಂತು, “ಸಂಜೆ ನಾನು ಕೆಲಸಕ್ಕೆ ಹೊರಡುವ ಹೊತ್ತು, ಯಾವತ್ತೂ ಬರಕ್ಕಾಗಲ್ಲ. ನನ್ನ ಮನೆಯಲ್ಲಿ ಒಂದೂ ಕಥೆ ಪುಸ್ತಕ ಇಲ್ಲ. ಅದನ್ನು ಕೊಡಿ” ಅಂದರು. ಸ್ವಲ್ಪ ಹೊತ್ತು ಚರ್ಚೆ ಆಯಿತು. ಕೊನೆಗೆ ದುಡ್ಡಿನ ಹೆಚ್ಚಿನ ಪಾಲು ಪುಸ್ತಕದ ಚೀಲಗಳಿಗೆ ಹೋಯಿತು. ಪ್ರತಿ ಶುಕ್ರವಾರ ಮಗು ಒಂದು ಚೀಲ ಮನೆಗೆ ಒಯ್ಯುತ್ತದೆ, ಸೋಮವಾರ ವಾಪಸ್ ತರುತ್ತದೆ. ಆ ಸಭೆಗೆ ಆ ತಾಯಿ ಬರದೇ ಇದ್ದಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ. ನಮ್ಮ ಕನ್ನಡದವರು, ತೆಲುಗಿನವರು ಆ ಶಾಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಭೆಯಲ್ಲಿ ಮಾತ್ರ ಒಬ್ಬಿಬ್ಬರು. ಕುಮಾನ್ ಅನ್ನುವ ಖಾಸಗಿ ಟ್ಯೂಷನ್ ಕ್ಲಾಸಿಗೆ ಅಷ್ಟು ದೂರ ಕಾರು ಓಡಿಸುವ ನಾವು ಮನೆ ಪಕ್ಕದ ಈ ಸಭೆಗೆ ಹೋಗುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಟೀಚರ್ ಓದು, ಅರ್ಹತೆ ಏನು ಅಂತ ಕೇಳುವ ಹಕ್ಕೂ ನಿಮಗಿದೆ. ಸರಿಯಾದ ಅರ್ಹತೆ ಇಲ್ಲದ ಟೀಚರ್ ಸತತ ನಾಲ್ಕು ವಾರ ಅಥವಾ ಅದಕ್ಕಿಂತ ಜಾಸ್ತಿ ಪಾಠ ಮಾಡಿದರೆ ಶಾಲೆಯೇ ನಿಮಗೆ ತಿಳಿಸಬೇಕು. ನಮಗೂ ಒಮ್ಮೆ ಅಂಥ ಪತ್ರ ಬಂದಿತ್ತು. ಕೆಲವರು ಪೋಷಕರು ಸೇರಿ ಹೋಗಿ ಕೇಳಿದ ಮೇಲೆ, ಹೊಸ ಟೀಚರ್ ಬರುವ ತನಕ ಓದಿನ ಟೀಚರ್ ದಿನಾ ಒಂದಷ್ಟು ಹೊತ್ತು ಆ ಕ್ಲಾಸಿಗೆ ಬರುವ ಹಾಗೆ ಮಾಡಿದರು. ಸುಳ್ಳು ಯಾಕೆ, ಇಂಥ ಶಾಲೆಗಳಲ್ಲಿ ಟೀಚರುಗಳು ಬಿಟ್ಟು ಹೋಗುವುದು ಜಾಸ್ತಿ. ಕುಟುಂಬಗಳೂ ಮನೆ ಬದಲಾಯಿಸುತ್ತಲೇ ಇರುತ್ತವೆ, ವರ್ಷದ ಮಧ್ಯೆ ಮಗಳ ಗೆಳತಿ ಬೇರೆ ಊರಿಗೆ ಹೋಗಿಬಿಡಬಹುದು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಆ ಹತ್ತಕ್ಕೆ ನಾಲ್ಕರ ಬಗ್ಗೆ: ಅಂಥ ಅಂಕಿಗಳ ಹಿಂದೆ ಮುಖ್ಯವಾಗಿ ಇರುವುದು ಪರೀಕ್ಷೆಯ ಫಲಿತಾಂಶ. ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಮಕ್ಕಳು ಜಾಸ್ತಿ ಇದ್ದರೆ ಅದು ಕೆಳಗೇ ಇರುತ್ತದೆ. ಟೆಕ್ಸಾಸ್ ರಾಜ್ಯವೇ ಶಾಲೆಗಳಿಗೆ ಎ ಯಿಂದ ಎಫ್ ತನಕ ಗ್ರೇಡ್ ಕೊಡುತ್ತದೆ. ಅದರಲ್ಲಿ ‘ಸ್ಕೂಲ್ ಪ್ರೋಗ್ರೆಸ್’ ಅನ್ನುವ ಭಾಗ ತೆಗೆದು ನೋಡಿ. ಮಕ್ಕಳು ಎಷ್ಟು ಮುಂದೆ ಬಂದರು ಅನ್ನುವುದು ಅಲ್ಲಿ ಕಾಣುತ್ತದೆ. ಆಮೇಲೆ ಶಾಲೆಗೇ ಒಮ್ಮೆ ಹೋಗಿ, ಟೀಚರುಗಳು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಅಂತ ವಿಚಾರಿಸಿ. ನಾನಾದರೆ ಆ ಉತ್ತರವನ್ನು ಯಾವ ರೇಟಿಂಗಿಗಿಂತ ಜಾಸ್ತಿ ನಂಬುತ್ತೇನೆ.

ಸೇರಿಸುವಾಗ ಮನೆಭಾಷೆ ಯಾವುದು ಅಂತ ಒಂದು ಫಾರ್ಮ್ ಕೊಡುತ್ತಾರೆ. ಎಷ್ಟೋ ಜನ ಮಗುವನ್ನು ಬೇರೆ ಗುಂಪಿಗೆ ಹಾಕಿಬಿಡುತ್ತಾರೆ ಅಂತ ಹೆದರಿ ಇಂಗ್ಲಿಷ್ ಅಂತ ಬರೆಯುತ್ತಾರೆ. ಮನೆಯಲ್ಲಿ ಆಡುವುದು ಕನ್ನಡ ಆದರೆ ಕನ್ನಡ ಅಂತಲೇ ಬರೆಯಿರಿ. ಅದರ ಮೇಲೆ ಮಗಳ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಚೆನ್ನಾಗಿ ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಇಂಗ್ಲಿಷಿಗೆ ವಿಶೇಷ ಸಹಾಯ ಕೊಡುತ್ತಾರೆ, ನಿಮಗೆ ಪತ್ರ ಬರುತ್ತದೆ, ಬೇಡ ಅನ್ನುವ ಹಕ್ಕೂ ನಿಮ್ಮದೇ. ಅಜ್ಜಿ ತಾತ ಜೊತೆಗಿದ್ದು ಅವರೇ ಸಭೆಗೆ ಬರುವುದಾದರೆ, ಅಥವಾ ನಿಮಗೇ ಇಂಗ್ಲಿಷ್ ಕಷ್ಟವಾದರೆ, ಅನುವಾದಕರು ಬೇಕು ಅಂತ ಮೊದಲೇ ಹೇಳಿಡಿ. ಕನ್ನಡಕ್ಕೆ ಸಾಮಾನ್ಯವಾಗಿ ಫೋನಿನಲ್ಲಿ ವ್ಯವಸ್ಥೆ ಮಾಡುತ್ತಾರೆ.

ಬರುವಾಗ ಮಗಳ ಜನನ ಪತ್ರ, ಹಳೆ ಶಾಲೆಯ ಅಂಕಪಟ್ಟಿ, ಲಸಿಕೆ ಕಾರ್ಡು ಕೈಚೀಲದಲ್ಲೇ ಇಟ್ಟುಕೊಳ್ಳಿ. ಇಲ್ಲಿಗೆ ಬಂದ ಮೇಲೆ ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್ಲೂ ಬೇಕಾಗುತ್ತದೆ. ಚಿಕನ್‌ಪಾಕ್ಸ್ ಮತ್ತು ಹೆಪಟೈಟಿಸ್ ಎ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ, ಟೆಕ್ಸಾಸಿನಲ್ಲಿ ಕೇಳುತ್ತಾರೆ. ಹಾಕಿಸಿಲ್ಲದಿದ್ದರೆ ಅಲ್ಲೇ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಶುರು ಮಾಡಿಸಿ, ಹಾಕಿಸಿದ ತಾರೀಕು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಸೇರಿಸುವ ದಿನವೇ ಆಫೀಸಿನಲ್ಲಿ ಟೈಟಲ್ ಒನ್ ಸಭೆ ಯಾವತ್ತು ಅಂತ ಕೇಳಿ. ಸಾಮಾನ್ಯವಾಗಿ ಶಾಲೆ ಶುರುವಾದ ಮೊದಲ ಒಂದೆರಡು ತಿಂಗಳಲ್ಲೇ ಇರುತ್ತದೆ. ಬಂದಮೇಲೆ ಏನಾದರೂ ಗೊಂದಲ ಆದರೆ ಇಲ್ಲೇ ಕಾಮೆಂಟಿನಲ್ಲಿ ಕೇಳಿ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ.