ಎರಡನೇ ಗೇರ್ ಕರ್ ಅನ್ನೋದಕ್ಕೆ ಅಡಿಟಿವ್ ಮದ್ದಲ್ಲ

ಸರ್, ಗೇರ್‌ಬಾಕ್ಸ್ ಎಣ್ಣೆಗೆ ಬೆರೆಸೋ ಆ ಅಡಿಟಿವ್‌ನ ಎರಡನೇ ಬಾಟಲಿ ದಯವಿಟ್ಟು ಹಾಕಬೇಡಿ. 1.6 ಲಕ್ಷ ಕಿ.ಮೀ. ಓಡಿರೋ ಸ್ವಿಫ್ಟ್, ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ ಅನ್ನುತ್ತೆ, ಜಾರಿಕೆ ಹೆಚ್ಚಿಸೋ ಮಾಲಿಬ್ಡಿನಮ್ (ಮಾಲಿ) ಅಡಿಟಿವ್ ಹಾಕಿದ ಮೇಲೆ ಗುಂಯ್ ಅನ್ನೋ ಸದ್ದು ಕಮ್ಮಿಯಾಗಿ ಕರ್ ಮಾತ್ರ ಜಾಸ್ತಿಯಾಯ್ತು ಅಂತ ನೀವೇ ಬರೆದಿದ್ದೀರಿ. ಆಗಬೇಕಾದ್ದೇ ಅದು.

ಗೇರ್ ಕೂರೋ ಮುಂಚೆ ವೇಗ ಹೊಂದಿಸೋ ಸಿಂಕ್ರೋ ರಿಂಗ್ ಕೆಲಸ ಮಾಡೋದೇ ಘರ್ಷಣೆಯಿಂದ. ಹಿತ್ತಾಳೆ ರಿಂಗು ಗೇರಿನ ಕೋನ್ ಹಿಡಿದು ವೇಗ ಸಮ ಮಾಡಿದ ಮೇಲೇ ಸ್ಲೀವ್ (ಗೇರನ್ನು ಶಾಫ್ಟಿಗೆ ಬೆಸೆಯೋ ಹಲ್ಲಿನ ಬಳೆ) ಕೂರೋದು. ರಿಂಗಿನ ಒಳಮೈಲಿ ಸಣ್ಣ ಗೀರುಗಳಿರೋದು ಎಣ್ಣೆ ಪದರ ಕತ್ತರಿಸೋಕೆ. ಇಷ್ಟು ಓಡಿದ ಗಾಡಿಲಿ ಅವು ಸಾಕಷ್ಟು ಸವೆದಿರುತ್ತವೆ. ಅದರ ಮೇಲೆ ಮಾಲಿನೋ ಟೆಫ್ಲಾನೋ ಸುರಿದರೆ ಬ್ರೇಕ್ ಡ್ರಮ್ಮಿಗೆ ಗ್ರೀಸ್ ಹಚ್ಚಿದ ಹಾಗೆ. ಬೇರಿಂಗಿಗೆ, ಹಲ್ಲುಗಳಿಗೆ ಸ್ವಲ್ಪ ಅನುಕೂಲ ಆಗುತ್ತೆ, ಅದಕ್ಕೇ ಸದ್ದು ಇಳಿದದ್ದು. ಸಿಂಕ್ರೋ ಮಾತ್ರ ಜಾರುತ್ತೆ.

ಈ ಮಾಲಿ ಬೆರೆತ ಎಣ್ಣೆ ಇಳಿಸೋ ಮುಂಚೆ ಕ್ಲಚ್ ನೋಡಿ. ಐಡಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ, ನಾಲ್ಕು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಆಗಲೂ ಕರ್ ಅಂದರೆ ಕ್ಲಚ್ ಪೂರ್ತಿ ಬಿಡ್ತಿಲ್ಲ. ಕೇಬಲ್ ಇದ್ದರೆ ಅಡ್ಜಸ್ಟ್, ಹೈಡ್ರಾಲಿಕ್ ಇದ್ದರೆ ಏರ್ ತೆಗೆಸಿ. ಇದನ್ನು ನೋಡದೆ ಗೇರ್‌ಬಾಕ್ಸ್ ಇಳಿಸೋಣ ಅನ್ನೋ ಮೆಕ್ಯಾನಿಕ್ ಹತ್ತಿರ ಗಾಡಿ ಬಿಡಬೇಡಿ.

ಕ್ಲಚ್ ಸರಿ ಇದ್ದರೆ ಎಣ್ಣೆ ಎರಡು ಸಲ ಬದಲಿಸಬೇಕು. ಹದಿನೈದಿಪ್ಪತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಲಿಫ್ಟ್ ಮೇಲೆ ಮಟ್ಟವಾಗಿ ಏರಿಸಿ. ಮೊದಲು ಬಿಚ್ಚಬೇಕಾದ್ದು ಎಣ್ಣೆ ತುಂಬೋ ಫಿಲ್ಲರ್ ಪ್ಲಗ್, ಇಳಿಸೋ ಡ್ರೈನ್ ಅಲ್ಲ. ಎಣ್ಣೆ ಖಾಲಿಯಾದ ಮೇಲೆ ಫಿಲ್ಲರ್ ಹಿಡಿದುಕೊಂಡಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತೆ. ಅರ್ಧ ಗಂಟೆ ತೊಟ್ಟಿಕ್ಕಲಿ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆ ಬೇಡ. ಬೆರಳಿಗೆ ಚುಚ್ಚೋ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಹೋಗಿದೆ, ಬಿಚ್ಚಲೇಬೇಕು. ಹಿತ್ತಾಳೆ ಮ್ಯಾಗ್ನೆಟ್ಟಿಗೆ ಅಂಟಲ್ಲ, ಅದನ್ನು ಎಣ್ಣೆಯಲ್ಲೇ ಹುಡುಕಬೇಕು. ಮಾಲಿ ಹಾಕಿದ ಎಣ್ಣೆ ಕಪ್ಪಾಗಿರೋದರಿಂದ ಹಾಗೇ ನೋಡಿದರೆ ಕಾಣಲ್ಲ. ತೆಳು ಬಿಳಿ ಬಟ್ಟೆಲಿ ಸೋಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿಯಿರಿ. ಚಿನ್ನದ ಬಣ್ಣದ ಪುಡಿ ದಟ್ಟವಾಗಿ ಮಿಂಚಿದರೆ ಅದು ಸಿಂಕ್ರೋ ರಿಂಗೇ.

ಹೊಸ ವಾಷರ್ ಹಾಕಿ, ಫಿಲ್ಲರ್ ತೂತಿನ ಅಂಚಿಗೆ ಬರೋ ತನಕ ಎಣ್ಣೆ ತುಂಬಿಸಿ. 300 ಕಿ.ಮೀ. ಓಡಿಸಿ ಮತ್ತೆ ಇಳಿಸಿ, ಯಾಕಂದ್ರೆ ಒಂದೇ ಸಲಕ್ಕೆ ಮಾಲಿ ಪೂರ್ತಿ ಬರಲ್ಲ. ಮೊದಲ ಸಲಕ್ಕೆ ಕಂಪನಿ ಎಣ್ಣೆ ಸಾಕು, ದುಬಾರಿದು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಗ್ರೇಡ್ ಮ್ಯಾನುಯಲ್‌ನಲ್ಲಿ ಇರೋದೇ ಹಾಕಿ. ದಪ್ಪ ಎಣ್ಣೆ ಹಾಕಿ ಸದ್ದು ಮುಚ್ಚಿದರೆ ಬೆಳಿಗ್ಗೆ ಗೇರ್ ಬೀಳಲ್ಲ. ಜಿಎಲ್-4, ಜಿಎಲ್-5 ಅನ್ನೋದು ಗೇರ್ ಎಣ್ಣೆಯ ದರ್ಜೆಗಳು. ಜಿಎಲ್-4 ಕೇಳಿದ ಕಡೆ ಜಿಎಲ್-5 ಬೇಡ: ಅದರಲ್ಲಿ ಭಾರೀ ಒತ್ತಡ ತಡೆಯೋ ಗಂಧಕ-ರಂಜಕದ ಇಪಿ ಅಡಿಟಿವ್ ಹೆಚ್ಚುಕಮ್ಮಿ ದುಪ್ಪಟ್ಟು. ಈಗಿನ ಕೆಲವು ಜಿಎಲ್-5 ಹಿತ್ತಾಳೆ ತಿನ್ನಲ್ಲ ಅನ್ನೋದು ನಿಜ, ಆದರೂ ಜಾರಿಕೆ ಇದ್ದೇ ಇರುತ್ತೆ. ಡಬ್ಬಿ ಮೇಲೆ ಜಿಎಲ್-4/ಜಿಎಲ್-5 ಎರಡೂ ಬರೆದಿದ್ದರೆ ನಾನಂತೂ ಮುಟ್ಟಲ್ಲ. ಮ್ಯಾನುಯಲ್‌ನಲ್ಲಿ 75ಡಬ್ಲ್ಯೂ-90 ದಪ್ಪದ ಎಣ್ಣೆ ಹೇಳಿರೋ ಗಾಡಿಗೆ ರೆಡ್ ಲೈನ್ ಎಂಟಿ-90 ಅಥವಾ ಲಿಕ್ವಿ ಮೋಲಿ ಜಿಎಲ್4+ ಒಳ್ಳೆಯದು. ಲಿಕ್ವಿ ಮೋಲಿ ಎಣ್ಣೆ ಬೇರೆ, ಮಾಲಿ ಟ್ಯೂಬ್ ಬೇರೆ, ಕಲಸಿಕೊಳ್ಳಬೇಡಿ.

ಇದೇ ಚರ್ಚೆಯಲ್ಲಿ ಯಾರೋ ಎಲ್‌ಎಸ್‌ಡಿ ಫ್ರಿಕ್ಷನ್ ಮಾಡಿಫೈಯರ್ (ಘರ್ಷಣೆ ಬದಲಿಸೋ ಅಡಿಟಿವ್) ಹಾಕಿ ಅಂದಿದ್ದಾರೆ. ಅದು ಎಲ್‌ಎಸ್‌ಡಿ, ಅಂದರೆ ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯೋ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನ ಪ್ಲೇಟ್ ಜಾರಲಿ ಅಂತ ಮಾಡಿದ್ದು, ಇಲ್ಲಿ ಬೇಕಿರೋದು ತದ್ವಿರುದ್ಧ, ಹಿಡಿತ. ಸಿವಿಟಿ (ಬೆಲ್ಟಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಇರೋರು ಈ ಥರದ ಯಾವುದನ್ನೂ ಒಳಗೆ ಬಿಡಬೇಡಿ, ಬೆಲ್ಟು-ಪುಲ್ಲಿ ಹಿಡಿತಕ್ಕೇ ಕುತ್ತು. ಕ್ಲಚ್, ಗೇರ್ ತಾನೇ ಹಾಕೋ ಎಎಂಟಿ ಒಳಗೆ ಇರೋದು ಮ್ಯಾನುಯಲ್ ಗೇರ್‌ಬಾಕ್ಸೇ, ಇದೇ ಮಾತು ಅದಕ್ಕೂ. ಸೀಲ್ ಲೀಕ್ ನಿಲ್ಲಿಸೋ ಅಡಿಟಿವ್ ರಬ್ಬರ್ ಉಬ್ಬಿಸುತ್ತೆ ಅಷ್ಟೇ, ಆಕ್ಸಲ್ ಸೀಲ್ ಬದಲಿಸಿಬಿಡಿ.

ಎರಡು ಸಲ ಬದಲಿಸಿದರೂ ಕರ್ ಉಳಿದರೆ ರಿಂಗ್ ಮುಗಿದಿದೆ, ಯಾವ ಎಣ್ಣೆಯೂ ಅದನ್ನು ಬೆಳೆಸಲ್ಲ. ಅಲ್ಲಿ ತನಕ ಮೂರರಿಂದ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ರೇಸ್, ಮತ್ತೆ ಕ್ಲಚ್ ಒತ್ತಿ ಎರಡು, ಹೀಗೆ ಇಳಿಸಿ. ಓಡಿಸುವಾಗ ಲಿವರ್ ಮೇಲೆ ಕೈ ಇಟ್ಟುಕೊಂಡೇ ಇರೋ ಅಭ್ಯಾಸ ಬಿಡಿ, ಸ್ಲೀವ್ ಸರಿಸೋ ಫೋರ್ಕ್ ಸವೆಯುತ್ತೆ. ಬಿಚ್ಚಿಸಿದಾಗ ಎರಡನೇ ರಿಂಗ್ ಒಂದೇ ಹಾಕಿಸಬೇಡಿ. ಮೂರನೇದೂ ಇನ್‌ಪುಟ್ ಬೇರಿಂಗೂ ಸೇರಿಸಿ, ಲೇಬರ್ ಅಷ್ಟೇ ಆಗುತ್ತೆ. ಸ್ಲೀವಿನ ಹಲ್ಲಿನ ತುದಿ ಚೂಪಾಗಿದೆಯಾ ಅಂತ ನೀವೇ ನೋಡಿ. ಗುಂಡಾಗಿದ್ದರೆ ಅದೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ರಿಂಗ್ ಹಾಕಿದ ವಾರದಲ್ಲೇ ಮತ್ತೆ ಕರ್ ಶುರುವಾಗುತ್ತೆ.