ದುಬಾರಿ ಹೋಮ್ ಆಡಿಯೊದಲ್ಲಿ ಕ್ಲಾಸ್ ಡಿ ಆಂಪ್ಲಿಫೈಯರ್‌ಗಳು ಏಕೆ ಸಿಗುವುದಿಲ್ಲ?

ಈಗ ಸಿಗುತ್ತವೆ. ಮರಾಂಟ್ಜ್‌ನ ಪಿಎಂ-10 ಮತ್ತು ಎನ್‌ಎಡಿಯ ಎಂ33 ಲಕ್ಷಗಟ್ಟಲೆ ಬೆಲೆಯ ಕ್ಲಾಸ್ ಡಿ ಮಾದರಿಗಳೇ. ವಿಜಯಪುರದಂತಹ ಊರಿನಲ್ಲಿ ಕ್ಲಾಸ್ ಡಿ ಎಂಬ ಹೆಸರು ಮೆರವಣಿಗೆಯ ಸೌಂಡ್ ಸಿಸ್ಟಮ್‌ನವರ ಬಾಯಲ್ಲೇ ಹೆಚ್ಚು ಕೇಳಿಬರುವುದರಿಂದ ನಿಮಗೆ ಈ ಅನುಮಾನ ಬಂದಿರಬಹುದು.

ಸಾಂಪ್ರದಾಯಿಕ ಆಂಪ್ಲಿಫೈಯರ್‌ನ ಟ್ರಾನ್ಸಿಸ್ಟರ್‌ಗಳು ಅರೆತೆರೆದ ನಲ್ಲಿಯಂತೆ ಕೆಲಸ ಮಾಡುವುದರಿಂದ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಕ್ಲಾಸ್ ಡಿಯಲ್ಲಿ ಅವು ಸೆಕೆಂಡಿಗೆ ಲಕ್ಷಾಂತರ ಬಾರಿ ಪೂರ್ತಿ ಆನ್ ಅಥವಾ ಪೂರ್ತಿ ಆಫ್ ಆಗುತ್ತವೆ. ಎರಡೂ ಸ್ಥಿತಿಗಳಲ್ಲಿ ನಷ್ಟ ಅತ್ಯಲ್ಪವಾದ್ದರಿಂದ ದಕ್ಷತೆ ಸುಮಾರು 90 ಪ್ರತಿಶತ ಮುಟ್ಟುತ್ತದೆ. (ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ, ಹಾಡು ಹಚ್ಚದಿದ್ದರೂ ಬಿಸಿಯಾಗುವ ಕ್ಲಾಸ್ ಎ ಎಂಬ ಸಾಂಪ್ರದಾಯಿಕ ಬಗೆಯ ಪೆಟ್ಟಿಗೆಯನ್ನು ಕೋಣೆಯಲ್ಲಿ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು.)

ತೊಡಕಿದ್ದದ್ದು ಕೊನೆಯ ಹಂತದಲ್ಲಿ. ಆ ವೇಗದ ಆನ್-ಆಫ್ ಸ್ಪಂದನಗಳನ್ನು ತೆಗೆದು ಸಂಗೀತವನ್ನಷ್ಟೇ ಸ್ಪೀಕರಿಗೆ ಬಿಡಲು ಕಾಯಿಲ್ ಮತ್ತು ಕೆಪಾಸಿಟರ್‌ಗಳ ಒಂದು ಫಿಲ್ಟರ್ ಬೇಕು. ಹಳೆಯ ಹಲವು ವಿನ್ಯಾಸಗಳು ಫೀಡ್‌ಬ್ಯಾಕನ್ನು, ಅಂದರೆ ತಪ್ಪು ತಿದ್ದಿಕೊಳ್ಳಲು ಹಿಂದಕ್ಕೆ ಕಳುಹಿಸುವ ಸಂಕೇತವನ್ನು, ಈ ಫಿಲ್ಟರಿನ ಮೊದಲೇ ಪಡೆಯುತ್ತಿದ್ದವು. ಆದ್ದರಿಂದ ಫಿಲ್ಟರಿನ ದೋಷ ಹಾಗೆಯೇ ಉಳಿದು, ಸ್ಪೀಕರ್ ಬದಲಾದಂತೆ ತಾರಸ್ವರಗಳ ಪ್ರಮಾಣವೂ ಬದಲಾಗುತ್ತಿತ್ತು. ಫಿಲ್ಟರಿನ ನಂತರ ಫೀಡ್‌ಬ್ಯಾಕ್ ಪಡೆಯುವ ಹೈಪೆಕ್ಸ್ ಮತ್ತು ಪ್ಯೂರಿಫೈ ಕಂಪನಿಗಳ ವಿನ್ಯಾಸಗಳು ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿವೆ. ಮೇಲಿನ ಎರಡು ಮಾದರಿಗಳಲ್ಲಿ ಇರುವುದು ಕ್ರಮವಾಗಿ ಇವೇ.

ಆದರೂ ಕೆಲವು ತಯಾರಕರು ಹಿಂಜರಿಯಲು ವ್ಯಾಪಾರವೂ ಕಾರಣವೆಂದು ನನ್ನ ಅನಿಸಿಕೆ: ಯಾರಾದರೂ ಕೊಳ್ಳಬಹುದಾದ ಸಿದ್ಧ ಮಾಡ್ಯೂಲನ್ನು, ಅಂದರೆ ಜೋಡಿಸಿದ ಆಂಪ್ಲಿಫೈಯರ್ ಬೋರ್ಡನ್ನು, ಚೆಂದದ ಪೆಟ್ಟಿಗೆಯಲ್ಲಿಟ್ಟು ಹಲವು ಪಟ್ಟು ಬೆಲೆ ಕೇಳುವುದು ಸುಲಭವಲ್ಲ.